ಲಕ್ಷ ಇಂಪ್ರೆಶನ್ ಬಂತು, ಆ ಮಂದಿ ಎಲ್ಲಿ ಹೋದ್ರು?

ಧಾರವಾಡದ ನಮ್ಮ ವೈನಿ ಮನೆಯಲ್ಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. (ಅತ್ತಿಗೆಗೆ ಆ ಕಡೆ ವೈನಿ ಅನ್ನುವುದು.) ಮೊದಲು ಓಣಿಯವರಿಗೆ ಕೊಡುತ್ತಿದ್ದರು. ಆಮೇಲೆ ವಾಟ್ಸಾಪ್ ಮೂಲಕ ಬೆಂಗಳೂರಿನ ನೆಂಟರಿಗೆ ಕಳಿಸತೊಡಗಿದರು. ಈಗ ಮಗ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಸೋಶಿಯಲ್ ಮೀಡಿಯಾದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಜಾಹೀರಾತು ಹಾಕಿ ಎರಡು ವಾರ ಆಗಿತ್ತು. ಒಂದು ರಾತ್ರಿ ಹತ್ತು ಗಂಟೆಗೆ ನನಗೆ ಸ್ಕ್ರೀನ್‌ಶಾಟ್ ಬಂತು. ಅದರ ಹಿಂದೆಯೇ ಫೋನು.

"ಒಂದು ಲಕ್ಷ ಇಪ್ಪತ್ತು ಸಾವಿರ ಅಂತ ಬರದೈತಿ. ಆರ್ಡರ್ ಬಂದಿದ್ದು ಹದಿನಾಲ್ಕು. ಉಳಿದ ಮಂದಿ ಎಲ್ಲಿ ಹೋದ್ರೋ?"

ಜಾಹೀರಾತಿನ ರಿಪೋರ್ಟ್ ನೋಡುವುದು ನನ್ನ ದಿನದ ಕೆಲಸ. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಕಂಪನಿಯವರೂ ಕೇಳುತ್ತಾರೆ, ಇಷ್ಟು ನೇರವಾಗಿ ಕೇಳುವುದಿಲ್ಲ ಅಷ್ಟೇ. ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ವೈನಿಯ ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು: ಖರ್ಚು 6,000 ರೂಪಾಯಿ. ಇಂಪ್ರೆಶನ್ 1,20,000. ರೀಚ್ 30,000. ಒಟ್ಟು ಕ್ಲಿಕ್ 2,400. ಲಿಂಕ್ ಕ್ಲಿಕ್ 900. ಲ್ಯಾಂಡಿಂಗ್ ಪೇಜ್ ವ್ಯೂ, ಅಂದರೆ ವೆಬ್‌ಸೈಟಿನ ಪುಟ ತೆರೆದದ್ದು, 610. ಆರ್ಡರ್ 14.

ಮೊದಲು ಆ ದೊಡ್ಡ ಅಂಕಿಯನ್ನೇ ಹಿಡಿಯೋಣ. ಇಂಪ್ರೆಶನ್ ಅಂದರೆ ಜನರ ಲೆಕ್ಕ ಅಲ್ಲ. ಜಾಹೀರಾತು ಎಷ್ಟು ಸಲ ಪರದೆ ಮೇಲೆ ಬಂತು ಅನ್ನುವ ಲೆಕ್ಕ. ಮದುವೆ ಮನೆಯಲ್ಲಿ ಕರೆಯೋಲೆ ಹಂಚಿದ ಲೆಕ್ಕ ಬೇರೆ, ಊಟಕ್ಕೆ ಕೂತವರ ಲೆಕ್ಕ ಬೇರೆ. ಇಂಪ್ರೆಶನ್ ಕರೆಯೋಲೆಯ ಲೆಕ್ಕ. ಅದೂ ಹೇಗೆ, ಒಂದೇ ಮನೆಗೆ ನಾಲ್ಕು ಸಲ ಹೋಗಿ ಕೊಟ್ಟು ಬಂದರೆ ನಾಲ್ಕು ಅಂತ ಬರೆದುಕೊಳ್ಳುವ ಲೆಕ್ಕ.

"ಪರದೆ ಮೇಲೆ ಬಂತು" ಅನ್ನುವುದರಲ್ಲೂ ತಕರಾರಿದೆ. ಹಿಂದೆಲ್ಲ ಸರ್ವರ್ ಜಾಹೀರಾತನ್ನು ಕಳಿಸಿದರೆ ಸಾಕು, ಒಂದು ಅಂತ ಎಣಿಸುತ್ತಿದ್ದರು. ಅದು ಪುಟದ ತಳದಲ್ಲಿ ಬಿದ್ದಿದ್ದರೂ ಸರಿ, ಓದುವವರು ಅಲ್ಲಿವರೆಗೆ ಇಳಿಯದೇ ಹೋಗಿದ್ದರೂ ಸರಿ. 2014ರಲ್ಲಿ ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ ಒಂದು ಅಳತೆ ಗೊತ್ತುಮಾಡಿತು. ಬ್ಯಾನರ್ ಜಾಹೀರಾತಿನ ಅರ್ಧ ಭಾಗವಾದರೂ ಸತತ ಒಂದು ಸೆಕೆಂಡ್ ಪರದೆ ಮೇಲೆ ಇರಬೇಕು. ವಿಡಿಯೊ ಆದರೆ ಎರಡು ಸೆಕೆಂಡ್. ಆಗ ಮಾತ್ರ ಅದು "ಕಾಣಸಿಗುವ" ಇಂಪ್ರೆಶನ್. ಅದೇ ವರ್ಷದ ಕೊನೆಗೆ ಗೂಗಲ್ ತನ್ನ ಜಾಹೀರಾತು ಜಾಲವನ್ನು ಈ ಅಳತೆಗೋಲಿನಿಂದ ಅಳೆದು ಒಂದು ವರದಿ ಹೊರಗೆ ಹಾಕಿತು. ಶೇ. 56.1ರಷ್ಟು ಬ್ಯಾನರ್ ಇಂಪ್ರೆಶನ್‌ಗಳು ಕಾಣಸಿಕ್ಕೇ ಇರಲಿಲ್ಲ. ಅಂದರೆ ಅರ್ಧಕ್ಕಿಂತ ಜಾಸ್ತಿ. ಅಷ್ಟೂ ವರ್ಷ ಜನ ಅದಕ್ಕೂ ದುಡ್ಡು ಕೊಟ್ಟಿದ್ದರು ಅಲ್ವಾ!

ಗಮನಿಸಿ, ಅರ್ಧ ಜಾಹೀರಾತು, ಒಂದು ಸೆಕೆಂಡ್. "ಕಾಣಸಿಗುವುದು" ಅಂದರೆ ಕಂಡಿತು ಅಂತಲ್ಲ, ಕಾಣುವ ಅವಕಾಶ ಇತ್ತು ಅಂತ. ಆ ಸೆಕೆಂಡಿನಲ್ಲಿ ಓದುವವರ ಕಣ್ಣು ಕ್ರಿಕೆಟ್ ಸ್ಕೋರಿನ ಮೇಲಿತ್ತೋ ರೊಟ್ಟಿ ಮೇಲಿತ್ತೋ ಯಾವ ಕಂಪ್ಯೂಟರಿಗೂ ಗೊತ್ತಿಲ್ಲ.

ಒಂದೊಂದು ಕಡೆ ಎಣಿಕೆ ಒಂದೊಂದು ಥರ. ಮೆಟಾದಲ್ಲಿ (ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಕಂಪನಿ) ಜಾಹೀರಾತು ಪರದೆಗೆ ಬಂದು, ನೀವು ಕೆಳಗೆ ಸರಿಸಿ, ಮತ್ತೆ ಮೇಲೆ ಬಂದು ಅದನ್ನೇ ನೋಡಿದರೆ ಒಂದೇ ಇಂಪ್ರೆಶನ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದರೆ ಎರಡು. ಯೂಟ್ಯೂಬಿನಲ್ಲಿ "ಸ್ಕಿಪ್" ಬಟನ್ ಇರುವ ಜಾಹೀರಾತಿಗೆ ಇಂಪ್ರೆಶನ್ ಬೇರೆ, ವ್ಯೂ ಬೇರೆ. 30 ಸೆಕೆಂಡ್ ನೋಡಿದರೆ, ಜಾಹೀರಾತು ಅದಕ್ಕಿಂತ ಚಿಕ್ಕದಾದರೆ ಪೂರ್ತಿ ನೋಡಿದರೆ, ಇಲ್ಲಾ ಅದರ ಮೇಲೆ ಒತ್ತಿದರೆ ವ್ಯೂ. ಹೀಗಿರುವಾಗ ಎರಡು ಕಂಪನಿಗಳ ರಿಪೋರ್ಟ್ ಪಕ್ಕಪಕ್ಕ ಇಟ್ಟು "ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ" ಅನ್ನುವುದು ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ಜನರ ಲೆಕ್ಕಕ್ಕೆ ಹತ್ತಿರ ಇರುವುದು ರೀಚ್. ವೈನಿಯ 1,20,000 ಇಂಪ್ರೆಶನ್ ಹೋಗಿದ್ದು 30,000 ಖಾತೆಗಳಿಗೆ. ಸರಾಸರಿ ಒಬ್ಬೊಬ್ಬರಿಗೆ ನಾಲ್ಕು ಸಲ. ಈ ನಾಲ್ಕಕ್ಕೆ ರಿಪೋರ್ಟಿನಲ್ಲಿ ಫ್ರೀಕ್ವೆನ್ಸಿ ಅನ್ನುತ್ತಾರೆ. ಇದು ಬರೀ ಸರಾಸರಿ. ಎಷ್ಟೋ ಜನರಿಗೆ ಒಂದೇ ಸಲ ಕಂಡಿರುತ್ತದೆ, ಕೆಲವರಿಗೆ ಹನ್ನೆರಡು ಸಲ ಕಂಡು ತಲೆ ಚಿಟ್ಟು ಹಿಡಿದಿರುತ್ತದೆ.

ರೀಚಿನ ವಿಷಯದಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ಇಂಪ್ರೆಶನ್ನನ್ನು ದಿನದಿನಕ್ಕೆ ಕೂಡಬಹುದು, ರೀಚನ್ನು ಕೂಡಬಾರದು. ಸೋಮವಾರ 10,000 ಜನ, ಮಂಗಳವಾರ 10,000 ಜನ ಅಂದರೆ ಎರಡು ದಿನಕ್ಕೆ 20,000 ಅಲ್ಲ. ಮಂಗಳವಾರ ನೋಡಿದವರಲ್ಲಿ ಸೋಮವಾರದವರೇ ಬೇಕಾದಷ್ಟು ಇರುತ್ತಾರೆ. ಎಕ್ಸೆಲ್ ಶೀಟಿನಲ್ಲಿ ರೀಚ್ ಕಾಲಮ್ಮಿನ ಕೆಳಗೆ ಮೊತ್ತ ಹಾಕಿ ಕಳಿಸುವವರನ್ನು ನಾನು ಇವತ್ತಿಗೂ ನೋಡುತ್ತೇನೆ. ಊರಿನ ಜನಸಂಖ್ಯೆಗಿಂತ ರೀಚ್ ಜಾಸ್ತಿ ಆದಾಗ ಮಾತ್ರ ಅವರಿಗೆ ಅನುಮಾನ ಬರುತ್ತದೆ.

ಕ್ಲಿಕ್: ಯಾವ ಕ್ಲಿಕ್?

ವೈನಿಗೆ 2,400 ಕ್ಲಿಕ್ ಕಂಡು ಖುಷಿಯಾಗಿತ್ತು. ಇಷ್ಟು ಜನ ಅಂಗಡಿ ಬಾಗಿಲಿಗೆ ಬಂದರು ಅಂತ ಅವರು ತಿಳಿದಿದ್ದರು. ಹಾಗಲ್ಲ. ಸೋಶಿಯಲ್ ಮೀಡಿಯಾದಲ್ಲಿ "ಎಲ್ಲಾ ಕ್ಲಿಕ್" ಅಂದರೆ ಜಾಹೀರಾತಿನ ಮೇಲೆ ಬೆರಳು ಎಲ್ಲೇ ತಾಗಿದರೂ ಸೇರುತ್ತದೆ. ಲೈಕ್ ಒತ್ತಿದ್ದು, "ಇನ್ನಷ್ಟು ಓದಿ" ಒತ್ತಿದ್ದು, ಫೋಟೊ ದೊಡ್ಡದು ಮಾಡಿ ರೊಟ್ಟಿ ಎಷ್ಟು ತೆಳ್ಳಗಿದೆ ಅಂತ ನೋಡಿದ್ದು, ಎಲ್ಲವೂ ಅದರಲ್ಲೇ. ವೆಬ್‌ಸೈಟಿನ ಕಡೆಗೆ ಹೊರಟವರ ಲೆಕ್ಕ ಬೇಕಾದರೆ ಲಿಂಕ್ ಕ್ಲಿಕ್ ನೋಡಬೇಕು. ಅದು 900.

ಈಗ ಸಿಟಿಆರ್. ಕ್ಲಿಕ್ಕನ್ನು ಇಂಪ್ರೆಶನ್ನಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಟಿಆರ್, ಅಂದರೆ ನೂರು ಸಲ ತೋರಿಸಿದರೆ ಎಷ್ಟು ಸಲ ಒತ್ತಿದರು ಅಂತ. ಲೆಕ್ಕ ಐದನೇ ಕ್ಲಾಸಿನದು. ಆದರೆ ಯಾವ ಕ್ಲಿಕ್, ಯಾವುದರಿಂದ ಭಾಗಿಸುವುದು? ಲಿಂಕ್ ಕ್ಲಿಕ್ 900ನ್ನು 1,20,000ದಿಂದ ಭಾಗಿಸಿದರೆ ಶೇ. 0.75. ಎಲ್ಲಾ ಕ್ಲಿಕ್ 2,400 ತಗೊಂಡರೆ ಶೇ. 2. ಇಂಪ್ರೆಶನ್ ಬಿಟ್ಟು ರೀಚಿನಿಂದ ಭಾಗಿಸಿದರೆ ಲಿಂಕ್ ಕ್ಲಿಕ್ ಶೇ. 3, ಎಲ್ಲಾ ಕ್ಲಿಕ್ ಶೇ. 8. ಜಾಹೀರಾತು ಒಂದೇ, ಹದಿನೈದು ದಿನ ಒಂದೇ, ದುಡ್ಡು ಒಂದೇ. ಉತ್ತರ ಮಾತ್ರ ಮುಕ್ಕಾಲರಿಂದ ಎಂಟರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಯಾರಾದರೂ ನಿಮ್ಮ ಹತ್ತಿರ ಬಂದು "ನಮ್ಮ ಸಿಟಿಆರ್ ಶೇ. 8" ಅಂದರೆ ಚಹಾ ಕೊಟ್ಟು ಕೂರಿಸಿ, ಯಾವುದರಿಂದ ಭಾಗಿಸಿದಿರಿ ಅಂತ ಕೇಳಿ.

ಈ ಸಿಟಿಆರ್ ಹುಚ್ಚಿಗೆ ಮೂವತ್ತು ವರ್ಷ ದಾಟಿದೆ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಅನ್ನುವ ವೆಬ್ ಪತ್ರಿಕೆಯಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಬಂತು. ಅದರ ಸಿಟಿಆರ್ ಶೇ. 44 ಅಂತ ಈ ಕಸುಬಿನಲ್ಲಿ ಇವತ್ತಿಗೂ ಹೇಳುತ್ತಾರೆ. ಆಗ ವೆಬ್ ಬ್ಯಾನರ್ ಅನ್ನುವುದೇ ಹೊಸದು, ಒತ್ತಿದರೆ ಏನಾಗುತ್ತೆ ನೋಡೋಣ ಅಂತ ಜನ ಒತ್ತಿದರು. ಈಗ ಬ್ಯಾನರುಗಳಿಗೆ ನೂರಕ್ಕೆ ಒಂದು ಕ್ಲಿಕ್ ಬಂದರೂ ನಾವು ಮೇಜು ತಟ್ಟುತ್ತೇವೆ.

ಹುಚ್ಚು ಗಟ್ಟಿಯಾಗಲು ಇನ್ನೊಂದು ಕಾರಣ ಹಣ. 1998ರಲ್ಲಿ ಗೋಟು ಡಾಟ್ ಕಾಮ್ ಅನ್ನುವ ಸರ್ಚ್ ತಾಣ ಕ್ಲಿಕ್ಕಿಗೆ ಇಷ್ಟು ಅಂತ ಹರಾಜು ಶುರು ಮಾಡಿತು. ಜಾಸ್ತಿ ಕೂಗಿದವನ ಜಾಹೀರಾತು ಮೇಲೆ. 2002ರಲ್ಲಿ ಗೂಗಲ್ ಅದಕ್ಕೆ ಒಂದು ತಿರುವು ಕೊಟ್ಟಿತು. ಬರೀ ಕೂಗಿದ ಬೆಲೆ ನೋಡದೆ, ಬೆಲೆಯನ್ನು ಸಿಟಿಆರ್‌ನಿಂದ ಗುಣಿಸಿ ಜಾಗ ಕೊಡತೊಡಗಿತು. ಯಾಕೆ ಅಂತ ಕೂಡಿ ನೋಡಿ. ಒಬ್ಬ ಅಂಗಡಿಯವ ಕ್ಲಿಕ್ಕಿಗೆ 10 ರೂಪಾಯಿ ಕೂಗಿದ, ಅವನ ಸಿಟಿಆರ್ ಶೇ. 1. ಸಾವಿರ ಸಲ ತೋರಿಸಿದರೆ 10 ಕ್ಲಿಕ್, 100 ರೂಪಾಯಿ. ಇನ್ನೊಬ್ಬ ಕೂಗಿದ್ದು 4 ರೂಪಾಯಿ, ಸಿಟಿಆರ್ ಶೇ. 3. ಸಾವಿರ ಸಲಕ್ಕೆ 30 ಕ್ಲಿಕ್, 120 ರೂಪಾಯಿ. ಕಮ್ಮಿ ಕೂಗಿದವನಿಂದಲೇ ಜಾಸ್ತಿ ಗಿಟ್ಟುತ್ತದೆ, ಮೇಲಿನ ಜಾಗ ಅವನಿಗೆ. ಇವತ್ತು ಈ ಲೆಕ್ಕಕ್ಕೆ ಇನ್ನೂ ಹತ್ತಾರು ಸಂಗತಿ ಸೇರಿವೆ, ಬುಡ ಮಾತ್ರ ಇದೇ. ಸಾವಿರ ಇಂಪ್ರೆಶನ್ನಿಗೆ ಎಷ್ಟು ರೂಪಾಯಿ ಅನ್ನುವ ಅಂಕಿಗೆ ಸಿಪಿಎಂ ಅನ್ನುತ್ತಾರೆ. ಅದರಲ್ಲಿನ "ಎಂ" ಮಿಲಿಯನ್ ಅಲ್ಲ, ಸಾವಿರ ಅನ್ನುವ ಲ್ಯಾಟಿನ್ ಪದದ್ದು. ವೈನಿಯ ಸಿಪಿಎಂ 50 ರೂಪಾಯಿ.

ಎರಡೂ ಏರಿದವು, ಒಟ್ಟು ಇಳಿಯಿತು

ಈಗ ಹೇಳುವುದು ನನ್ನ ಪ್ರಕಾರ ರಿಪೋರ್ಟ್ ಓದುವುದರಲ್ಲೇ ದೊಡ್ಡ ಹೊಂಡ. ನಾನೇ ಎರಡು ಸಲ ಬಿದ್ದಿದ್ದೇನೆ.

ಒಬ್ಬರು ಎರಡು ಜಾಗದಲ್ಲಿ ಜಾಹೀರಾತು ಕೊಡುತ್ತಾರೆ ಅಂದುಕೊಳ್ಳಿ. ಒಂದು ಸರ್ಚ್, ಅಂದರೆ ಜನ ತಾವಾಗಿ "ಶೇಂಗಾ ಚಟ್ನಿ" ಅಂತ ಹುಡುಕಿದಾಗ ಬರುವುದು. ಇನ್ನೊಂದು ಬೇರೆಬೇರೆ ವೆಬ್‌ಸೈಟಿನಲ್ಲಿ ಬರುವ ಬ್ಯಾನರ್. ಹೋದ ತಿಂಗಳು ಸರ್ಚ್ 10,000 ಇಂಪ್ರೆಶನ್, 500 ಕ್ಲಿಕ್, ಸಿಟಿಆರ್ ಶೇ. 5. ಬ್ಯಾನರ್ 10,000 ಇಂಪ್ರೆಶನ್, 50 ಕ್ಲಿಕ್, ಶೇ. 0.5. ಎರಡೂ ಸೇರಿ 20,000ಕ್ಕೆ 550, ಅಂದರೆ ಶೇ. 2.75. ಈ ತಿಂಗಳು ಸರ್ಚ್ 10,000ಕ್ಕೆ 600 ಕ್ಲಿಕ್, ಶೇ. 6ಕ್ಕೆ ಏರಿತು. ಬ್ಯಾನರ್ 90,000ಕ್ಕೆ 540, ಶೇ. 0.6ಕ್ಕೆ ಏರಿತು. ಎರಡೂ ಸುಧಾರಿಸಿವೆ. ಒಟ್ಟು ಎಷ್ಟು? 1,00,000ಕ್ಕೆ 1,140. ಶೇ. 1.14!

ಮಾಲೀಕರು ಒಟ್ಟಿನ ಸಾಲು ಮಾತ್ರ ನೋಡಿ "ಸಿಟಿಆರ್ ಅರ್ಧಕ್ಕಿಂತ ಕೆಳಗೆ ಬಿತ್ತಲ್ಲ" ಅಂತ ಕೂಗಾಡುತ್ತಾರೆ. ಬಿದ್ದಿದ್ದು ಏನೂ ಇಲ್ಲ. ಬ್ಯಾನರಿನ ಪಾಲು ಜಾಸ್ತಿ ಆಯಿತು, ಮಜ್ಜಿಗೆಗೆ ನೀರು ಸೇರಿಸಿದ ಹಾಗೆ ಒಟ್ಟು ತೆಳ್ಳಗಾಯಿತು. ಸಂಖ್ಯಾಶಾಸ್ತ್ರದವರು ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ. ಒಟ್ಟು ಅಂಕಿ ಏರಿಳಿದಾಗ ಮೊದಲು ಒಳಗೆ ಬಿಡಿಸಿ ನೋಡಬೇಕು: ಯಾವ ಜಾಗ, ಯಾವ ಊರು, ಮೊಬೈಲೋ ಕಂಪ್ಯೂಟರೋ. ಇದರ ಜೊತೆಗೇ ಇನ್ನೊಂದು ಮಾತು. ಏಳು ದಿನದ ಸಿಟಿಆರ್‌ಗಳನ್ನು ಕೂಡಿ ಏಳರಿಂದ ಭಾಗಿಸಿದರೆ ವಾರದ ಸಿಟಿಆರ್ ಬರುವುದಿಲ್ಲ. ವಾರದ ಕ್ಲಿಕ್ ಎಲ್ಲಾ ಕೂಡಿ, ವಾರದ ಇಂಪ್ರೆಶನ್ ಎಲ್ಲಾ ಕೂಡಿ, ಆಮೇಲೆ ಭಾಗಿಸಿ.

ಸಣ್ಣ ಅಂಕಿಗಳ ಕಥೆಯೂ ಇದೆ. ಒಂದು ಜಾಹೀರಾತಿಗೆ 400 ಇಂಪ್ರೆಶನ್ನಿಗೆ 4 ಕ್ಲಿಕ್, ಇನ್ನೊಂದಕ್ಕೆ 7. "ಎರಡನೆಯದು ಶೇ. 75ರಷ್ಟು ಮೇಲು" ಅಂತ ಬರೆದುಬಿಡಬಹುದು. ಸುಮ್ನೆ. ನಾನು ಒಂದು ಒರಟು ಲೆಕ್ಕ ಇಟ್ಟುಕೊಂಡಿದ್ದೇನೆ: ಕ್ಲಿಕ್ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸು, ಅಷ್ಟು ಆಚೀಚೆ ಆಗುವುದು ಬರೀ ಅದೃಷ್ಟದಿಂದಲೂ ಸಾಧ್ಯ. 9 ಕ್ಲಿಕ್ ಬಂದಿದ್ದರೆ ಅದು 3ರಿಂದ 15ರ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು. 100 ಬಂದಿದ್ದರೆ 80ರಿಂದ 120. ಈ ಅಂತರದ ಒಳಗಿನ ಏರಿಳಿತಕ್ಕೆ ಸಿಹಿ ಹಂಚಲೂ ಬೇಡಿ, ಯಾರನ್ನೂ ಬಯ್ಯಲೂ ಬೇಡಿ.

900 ಹೊರಟರು, 610 ಮುಟ್ಟಿದರು

ಲಿಂಕ್ ಒತ್ತಿದ್ದಕ್ಕೂ ಪುಟ ತೆರೆದದ್ದಕ್ಕೂ ನಡುವೆ 290ರ ವ್ಯತ್ಯಾಸ ಇದೆ. ಇಷ್ಟೂ ಮೋಸ ಅಂತ ಅಂದುಕೊಳ್ಳುವುದು ಬೇಡ. ತಪ್ಪಿ ಒತ್ತಿದವರು ಬೇಕಾದಷ್ಟು. ಬಲೂನು ಒಡೆಯುವ ಗೇಮ್ ಆಡುತ್ತಿರುವ ಮೂರು ವರ್ಷದ ಮಗುವಿನ ಬೆರಳಿಗೆ ಬಲೂನೂ ಒಂದೇ, ಜಾಹೀರಾತೂ ಒಂದೇ. ಕೆಲವರು ಒತ್ತಿ, ತಕ್ಷಣ ಹಿಂದೆ ಬರುತ್ತಾರೆ. ಕೆಲವರ ಫೋನಿನಲ್ಲಿ ಎಣಿಸುವ ಕೋಡನ್ನೇ ತಡೆಯುವ ಬ್ಲಾಕರ್ ಇರುತ್ತದೆ. ಅದಕ್ಕೇ ಜಾಹೀರಾತು ಕಂಪನಿಯ ಕ್ಲಿಕ್ಕೂ ನಿಮ್ಮ ವೆಬ್‌ಸೈಟಿನ ಅನಲಿಟಿಕ್ಸ್ ಹೇಳುವ ಭೇಟಿಯೂ ಯಾವತ್ತೂ ಸರಿಸಮ ಬರುವುದಿಲ್ಲ. ಸ್ವಲ್ಪ ವ್ಯತ್ಯಾಸ ಮಾಮೂಲಿ. ಮೂರರಲ್ಲಿ ಒಂದು ಭಾಗ ಕಳೆದುಹೋದರೆ ಮಾತ್ರ ಎಲ್ಲೋ ತೂತಿದೆ.

ನಿಜವಾದ ಮೋಸವೂ ಇದೆ, ಸಣ್ಣದಲ್ಲ. 2016ರ ಡಿಸೆಂಬರಿನಲ್ಲಿ ವೈಟ್ ಆಪ್ಸ್ ಅನ್ನುವ ಭದ್ರತಾ ಕಂಪನಿ "ಮೆಥ್‌ಬಾಟ್" ಅನ್ನುವ ಜಾಲವನ್ನು ಬಯಲಿಗೆಳೆಯಿತು. ಡೇಟಾ ಸೆಂಟರುಗಳಲ್ಲಿ ಬಾಡಿಗೆಗೆ ಹಿಡಿದ ಸುಮಾರು 1,900 ಸರ್ವರುಗಳು ಮನುಷ್ಯರ ಹಾಗೆ ನಟಿಸುತ್ತಿದ್ದವು. ಮೌಸ್ ಅಲ್ಲಾಡಿಸುತ್ತಿದ್ದವು, ವಿಡಿಯೊ ನೋಡುತ್ತಿದ್ದವು. ಹೆಸರಾಂತ ವೆಬ್‌ಸೈಟುಗಳ ನಕಲಿ ಪುಟ ಮಾಡಿ ಅಲ್ಲಿ ಜಾಹೀರಾತು ಓಡಿಸುತ್ತಿದ್ದರು. ಅಮೆರಿಕದ ಕೋರ್ಟು ಇದರ ಮುಖ್ಯಸ್ಥ ಅಲೆಕ್ಸಾಂಡರ್ ಝುಕೋವ್‌ಗೆ 2021ರಲ್ಲಿ 10 ವರ್ಷ ಜೈಲು ಕೊಟ್ಟಿತು. ಆ ಜಾಹೀರಾತು ಕೊಟ್ಟವರ ರಿಪೋರ್ಟಿನಲ್ಲಿ ಇಂಪ್ರೆಶನ್ ಕಾಲಮ್ ಚೆನ್ನಾಗಿಯೇ ತುಂಬಿತ್ತು.

ಗೂಗಲ್ ಆ್ಯಡ್ಸ್ (ಗೂಗಲ್ ಮೂಲಕ ಜಾಹೀರಾತು ಹಾಕುವ ಸೇವೆ) ಅನುಮಾನದ ಕ್ಲಿಕ್ಕುಗಳನ್ನು ತಾನೇ ಸೋಸಿ, ದುಡ್ಡು ಹಿಡಿಯದೆ ಬಿಡುತ್ತದೆ. "ಇನ್‌ವ್ಯಾಲಿಡ್ ಕ್ಲಿಕ್ಸ್" ಅಂತ ಅದಕ್ಕೊಂದು ಕಾಲಮ್ ಇದೆ. ಸುಮ್ಮನೆ ತೆರೆದರೆ ಕಾಣುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಬ್ಲಾಗ್ ಬರೆದು ಆ್ಯಡ್‌ಸೆನ್ಸ್ (ಬ್ಲಾಗಿನಲ್ಲಿ ಜಾಹೀರಾತು ತೋರಿಸಿದ್ದಕ್ಕೆ ದುಡ್ಡು ಕೊಡುವ ಗೂಗಲ್ ಸೇವೆ) ಹಾಕಿಕೊಂಡವರಿಗೂ ಇದೇ ಜರಡಿ ಬೇರೆ ರೂಪದಲ್ಲಿ ತಾಗುತ್ತದೆ. ತಿಂಗಳ ನಡುವೆ ತೋರಿಸುವ ಗಳಿಕೆ ಅಂದಾಜು, ತಿಂಗಳು ಮುಗಿದ ಮೇಲೆ ಅಮಾನ್ಯ ಟ್ರಾಫಿಕ್ ಕಳೆದು ಉಳಿದದ್ದು ಕೈಗೆ. ಸಹಾಯ ಆಗಲಿ ಅಂತ ಅಣ್ಣತಮ್ಮಂದಿರಿಗೆಲ್ಲ ಕ್ಲಿಕ್ ಮಾಡಲು ಹೇಳಿದರೆ ಖಾತೆಯೇ ಮುಚ್ಚಿಹೋಗಬಹುದು. ಅಲ್ಲದೆ 2023ರ ನವೆಂಬರಿನಲ್ಲಿ ಆ್ಯಡ್‌ಸೆನ್ಸ್ ಮುಖ್ಯವಾಗಿ ಇಂಪ್ರೆಶನ್ ಲೆಕ್ಕದಲ್ಲೇ ದುಡ್ಡು ಕೊಡುವುದಾಗಿ ಹೇಳಿ, 2024ರಿಂದ ಹಾಗೇ ನಡೆಸುತ್ತಿದೆ. ಹಾಗಾಗಿ ಬ್ಲಾಗಿನವರು ಕ್ಲಿಕ್ ಎಣಿಸಿ ಕೂರುವುದರಲ್ಲಿ ಮೊದಲಿನ ಅರ್ಥ ಉಳಿದಿಲ್ಲ. ಇನ್ನೊಂದು, ಆ ರಿಪೋರ್ಟ್ ಪೆಸಿಫಿಕ್ ಸಮಯದಲ್ಲಿ, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ, ಇದ್ದರೆ ಅಲ್ಲಿ ಹೊಸ ದಿನ ಶುರುವಾಗುವುದು ನಮ್ಮ ಮಧ್ಯಾಹ್ನ ಒಂದೂವರೆಗೆ, ಅವರ ಬೇಸಿಗೆಯಲ್ಲಿ ಹನ್ನೆರಡೂವರೆಗೆ. "ಬೆಳಿಗ್ಗೆ ಬರೆದದ್ದನ್ನು ಅಷ್ಟು ಜನ ಓದಿದರು, ಇವತ್ತಿನ ಲೆಕ್ಕದಲ್ಲಿ ಇಲ್ವಲ್ಲ" ಅನ್ನುವವರಿಗೆ ಉತ್ತರ ಇದೇ.

ಆರ್ಡರುಗಳೂ ಹೀಗೇ ತಡವಾಗಿ ಕೂರುತ್ತವೆ. ಸೋಮವಾರ ಕ್ಲಿಕ್ ಮಾಡಿದವರು ಗುರುವಾರ ಕೊಂಡರೆ, ಗೂಗಲ್ ಆ್ಯಡ್ಸ್ ಅದನ್ನು ಸೋಮವಾರದ ಸಾಲಿಗೇ ಬರೆಯುತ್ತದೆ. ಅದಕ್ಕೇ ನಿನ್ನೆ ಮೊನ್ನೆಯ ಸಾಲುಗಳು ಯಾವಾಗಲೂ ಬಡಕಲಾಗಿ ಕಾಣುತ್ತವೆ. ನೋಡಿ ಗಾಬರಿಯಾಗಿ ಜಾಹೀರಾತು ನಿಲ್ಲಿಸಿದವರು ಎಷ್ಟೋ ಜನ.

ವೈನಿಯ ತೂತು ಹುಡುಕಲು ರಿಪೋರ್ಟ್ ಬೇಕಾಗಲಿಲ್ಲ. ಭಾನುವಾರ ಧಾರವಾಡಕ್ಕೆ ಹೋದಾಗ ಅವರ ಫೋನಿನಲ್ಲೇ ವೈಫೈ ಆರಿಸಿ ವೆಬ್‌ಸೈಟ್ ತೆರೆದೆವು. ನಾನು ಒಂದು, ಎರಡು ಅಂತ ಎಣಿಸುತ್ತಾ ಕೂತೆ. ಬಿಳಿ ಪರದೆ. ಹನ್ನೊಂದಕ್ಕೆ ಬಂದಾಗ ರೊಟ್ಟಿಯ ಮೇಲಿನ ಅರ್ಧ ಕಾಣಿಸಿತು. ಮಗ ಒಳ್ಳೆ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳನ್ನು ಇದ್ದ ಹಾಗೇ ಏರಿಸಿದ್ದ, ಒಂದೊಂದೂ ಐದಾರು ಎಂಬಿ. "ಇಷ್ಟೊತ್ತಿಗೆ ನಾ ಎರಡು ರೊಟ್ಟಿ ಬಡಿತಿದ್ದೆ" ಅಂದರು ವೈನಿ. ಅವತ್ತು ಸಂಜೆಯೇ ಅವನು ಫೋಟೊಗಳನ್ನೆಲ್ಲ ಚಿಕ್ಕದು ಮಾಡಿದ.

ಖರ್ಚಿನ ಲೆಕ್ಕವನ್ನೂ ಕೂತು ಮಾಡಿದೆವು. ರಿಪೋರ್ಟಿನಲ್ಲಿ 6,000 ಇದ್ದರೂ ಶೇ. 18 ಜಿಎಸ್‌ಟಿ ಸೇರಿ ಕೈಯಿಂದ ಹೋದದ್ದು 7,080. ಹದಿನಾಲ್ಕು ಆರ್ಡರಿಗೆ ಭಾಗಿಸಿದರೆ ಒಂದಕ್ಕೆ 506 ರೂಪಾಯಿ. ಅವರ ಒಂದು ಆರ್ಡರೇ ಸರಾಸರಿ 520ರದ್ದು. ವೈನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇವರೊಳಗ ಮೂರು ಮಂದಿ ಮತ್ತ ತರಿಸ್ಯಾರ, ವಾಟ್ಸಾಪಿನಾಗ" ಅಂದರು. ರಿಪೋರ್ಟಿಗೆ ಅದು ಗೊತ್ತಿಲ್ಲ.

ಮುಂದಿನ ಎರಡು ವಾರ ಅಷ್ಟೇ ದುಡ್ಡಿಗೆ ಲಿಂಕ್ ಕ್ಲಿಕ್ 850, ಪುಟ ತೆರೆದದ್ದು 740. ನೂರಕ್ಕೆ 68 ಮುಟ್ಟುತ್ತಿದ್ದದ್ದು 87 ಆಯಿತು, ಇದು ಅದೃಷ್ಟದ ಆಟ ಅಲ್ಲ. ಆರ್ಡರ್ 14 ಇದ್ದದ್ದು 19. ಇದಕ್ಕೆ ಮಾತ್ರ ನಾನು ಏನೂ ಹೇಳಲಿಲ್ಲ. ಹದಿನಾಲ್ಕರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಏಳೂವರೆ, ಹತ್ತೊಂಬತ್ತು ಆ ಅಂತರದ ಒಳಗೇ ಇದೆ.

ಮೊನ್ನೆ ಮತ್ತೆ ಫೋನು. ಬೆಳಗಾವಿಯಿಂದ ಒಬ್ಬರು ಕರೆ ಮಾಡಿ ಎರಡು ಕಿಲೋ ಶೇಂಗಾ ಚಟ್ನಿ ಹೇಳಿದ್ದಾರಂತೆ. ಅವರ ಮಗಳು ಫೋನಿನಲ್ಲಿ ಜಾಹೀರಾತು ನೋಡಿ, ನಂಬರನ್ನು ಒಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದಳಂತೆ.

"ಈ ಮನಷ್ಯಾ ಯಾವ ಕಾಲಮ್ಮಿನಾಗ ಬರ್ತಾನ?"

"ಯಾವುದರಲ್ಲೂ ಬರಲ್ಲ ವೈನಿ."

"ಹಂಗಾರ ನಾನ ಒಂದು ಹಾಕ್ಕೋತೀನಿ" ಅಂದರು. ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಈಗ ಒಂದು ಗೆರೆ ಎಳೆದು "ಚೀಟಿ" ಅಂತ ಬರೆದಿದ್ದಾರೆ.